ಗುಪ್ತವಾರ್ತೆ ಯಾರ ಕಿವಿಗೆ?

1998ರ ಜೂನ್ ತಿಂಗಳಲ್ಲಿ ದೆಹಲಿಯಿಂದ ಒಂದು ಗುಪ್ತ ಪತ್ರ ಹೊರಟಿತು. ಅದಕ್ಕೆ ಸಹಿ ಹಾಕಿದವರು ಇಂಟೆಲಿಜೆನ್ಸ್ ಬ್ಯೂರೋ, ಅಂದರೆ ನಾವೆಲ್ಲ ‘ಐಬಿ’ ಎಂದು ಕರೆಯುವ ಸಂಸ್ಥೆಯ ನಿರ್ದೇಶಕರು. ಕಾರ್ಗಿಲ್ ಎದುರಿನ ಪಾಕಿಸ್ತಾನಿ ನೆಲೆಗಳಲ್ಲಿ ಓಡಾಟ ಹೆಚ್ಚಿದೆ, ಗಡಿ ದಾಟಿಸಲು ಜನರಿಗೆ ಅಲ್ಲಿ ತರಬೇತಿ ಕೊಡುತ್ತಿದ್ದಾರೆ ಎಂಬುದು ಪತ್ರದ ಸಾರ. ಅದು ಪ್ರಧಾನಿಗೆ ಹೋಯಿತು, ಗೃಹಮಂತ್ರಿಗೆ ಹೋಯಿತು. ಸಂಪುಟ ಕಾರ್ಯದರ್ಶಿ, ಗೃಹ ಕಾರ್ಯದರ್ಶಿ, ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರು, ಇವರಿಗೂ ಹೋಯಿತು. ಹೋಗದೆ ಉಳಿದದ್ದು ಮೂವರಿಗೆ. ಒಬ್ಬರು ಹೊರದೇಶಗಳ ಬೇಹುಗಾರಿಕೆ ನೋಡಿಕೊಳ್ಳುವ ‘ರಾ’ ಸಂಸ್ಥೆಯ ಮುಖ್ಯಸ್ಥರು. ಇನ್ನೊಬ್ಬರು ಎಲ್ಲ ಕಡೆಯ ಸುದ್ದಿಯನ್ನೂ ಒಟ್ಟಿಗೆ ಇಟ್ಟು ತೂಗಬೇಕಾದ ಜಂಟಿ ಗುಪ್ತಚರ ಸಮಿತಿಯ ಅಧ್ಯಕ್ಷರು. ಮೂರನೆಯವರು ಸೇನೆಯ ಗುಪ್ತಚರ ವಿಭಾಗದ ಮಹಾನಿರ್ದೇಶಕರು. ಆ ಪತ್ರ ಓದಿದ ಕೂಡಲೇ ಕೆಲಸಕ್ಕೆ ಇಳಿಯಬೇಕಾಗಿದ್ದವರು ಈ ಮೂವರೇ.

ಮರುವರ್ಷದ ಬೇಸಿಗೆಯಲ್ಲಿ ಏನಾಯಿತೆಂದು ನಿಮಗೆ ಗೊತ್ತು. ಕಾರ್ಗಿಲ್ ಶಿಖರಗಳನ್ನು ಮರಳಿ ಹಿಡಿಯಲು 527 ಯೋಧರು ಪ್ರಾಣ ಕೊಟ್ಟರು. ಯುದ್ಧ ಮುಗಿದ ಮೇಲೆ ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯಲ್ಲಿ ಒಂದು ಪರಾಮರ್ಶೆ ಸಮಿತಿ ಕೂತಿತು. ಆ ಪತ್ರದ ಕಥೆ ಹೊರಬಂದದ್ದು ಅದರ ವರದಿಯಿಂದಲೇ. ಮೇಲಿನವರಿಗೆ ಕಳಿಸಿದ್ದು ಇಲಾಖೆಯ ಮೆಟ್ಟಿಲುಗಳನ್ನು ಇಳಿದು ಈ ಮೂವರಿಗೂ ತಲುಪುತ್ತದೆ ಎಂದು ಐಬಿ ನಿರ್ದೇಶಕರು ನಿರೀಕ್ಷಿಸಿದ್ದರಂತೆ. ಇಳಿಯಲಿಲ್ಲ. ಇನ್ನೊಂದು ಸಂಗತಿಯನ್ನೂ ಸಮಿತಿ ಗುರುತಿಸಿತು. ಆ ಹೊತ್ತಿನಲ್ಲಿ ‘ರಾ’ ಮುಖ್ಯಸ್ಥರೇ ಜಂಟಿ ಸಮಿತಿಯ ಅಧ್ಯಕ್ಷಗಿರಿಯನ್ನೂ ಹೆಚ್ಚುವರಿಯಾಗಿ ಹೊತ್ತಿದ್ದರು. ಅಂದರೆ ಅವರ ಮೇಜಿಗೆ ಒಂದೇ ಒಂದು ಪ್ರತಿ ಹೋಗಿದ್ದರೆ ಎರಡು ಕಚೇರಿಗೆ ಹೋದಂತಾಗುತ್ತಿತ್ತು.

ಗುಪ್ತಚರ ಸಂಸ್ಥೆ ಎಂದ ತಕ್ಷಣ ನಮಗೆ ಸಿನಿಮಾ ನೆನಪಾಗುತ್ತದೆ. ಕಪ್ಪು ಕನ್ನಡಕ, ಬೆನ್ನಟ್ಟುವ ಕಾರು, ಕಡೆಯ ಗಳಿಗೆಯಲ್ಲಿ ಸಿಕ್ಕಿಬೀಳುವ ಕಳ್ಳ. ನಾನು ಇವತ್ತು ಮಾತಾಡಬೇಕೆಂದಿರುವುದು ಇದಕ್ಕಿಂತ ಬಹಳ ನೀರಸವಾದ ವಿಷಯ: ಕಾಗದ, ಕಡತ, ವಿಳಾಸ, ಸಹಿ. ದೇಶದ ಒಳಗಿನ ಭದ್ರತೆ ಎಷ್ಟೋ ಸಲ ಮುರಿದುಬಿದ್ದಿರುವುದು ಸುದ್ದಿ ಸಿಗದೆ ಅಲ್ಲ. ಸಿಕ್ಕ ಸುದ್ದಿ ಸೇರಬೇಕಾದವರನ್ನು ಸೇರಲಿಲ್ಲ, ಅಷ್ಟೆ. ಹಾಗೆಯೇ ಸಾಮಾನ್ಯ ಜನರ ಸ್ವಾತಂತ್ರ್ಯಕ್ಕೆ ಪೆಟ್ಟು ಬಿದ್ದಿರುವುದು ಬೇಹುಗಾರಿಕೆ ಇದೆ ಎಂಬುದರಿಂದಲೇ ಅಲ್ಲ. ಯಾರ ಮೇಲೆ ಕಣ್ಣಿಡು ಎಂದು ಹೇಳುವ ಹಕ್ಕು ಯಾರಿಗಿದೆ ಎಂಬುದನ್ನು ಎಲ್ಲೂ ಬರೆದಿಡಲಿಲ್ಲ. ಈ ಎರಡು ರೋಗಗಳ ಮೂಲ ಒಂದೇ ಎಂದು ನನ್ನ ಅಭಿಪ್ರಾಯ.

ಮುಂದೆ ಹೋಗುವ ಮೊದಲು ಸಣ್ಣದೊಂದು ಸ್ಪಷ್ಟನೆ. ಸಿಬಿಐ ಬೇರೆ, ಐಬಿ ಬೇರೆ. ಅಪರಾಧ ನಡೆದ ಮೇಲೆ ತನಿಖೆ ಮಾಡಿ ನ್ಯಾಯಾಲಯಕ್ಕೆ ದೋಷಾರೋಪ ಪಟ್ಟಿ ಹಾಕುವುದು ಸಿಬಿಐ ಕೆಲಸ. ನಡೆಯುವ ಮುನ್ನ ಮೂಸುವುದು ಐಬಿ ಕೆಲಸ. ಐಬಿಗೆ ಯಾರನ್ನೂ ಬಂಧಿಸುವ ಅಧಿಕಾರವಿಲ್ಲ. ಅದು ಸುದ್ದಿ ಹೇಳಬಹುದು, ಹಿಡಿಯಬೇಕಾದವರು ಆಯಾ ರಾಜ್ಯದ ಪೊಲೀಸರು. ರಾಜ್ಯಗಳಿಗೂ ತಮ್ಮದೇ ಗುಪ್ತವಾರ್ತೆ ಇದೆ. ಜಿಲ್ಲೆಗಳಲ್ಲಿ ವಿಶೇಷ ಶಾಖೆಯ ಮಫ್ತಿ ಸಿಬ್ಬಂದಿ ಸಂತೆ, ಜಾತ್ರೆ, ಪ್ರತಿಭಟನೆ, ಊರಹಬ್ಬ ಎಲ್ಲದರಲ್ಲೂ ನಿಂತು ಸಂಜೆಗೆ ವರದಿ ಕಳಿಸುತ್ತಾರೆ. ‘ಬಾತ್ಮೀದಾರರಿಂದ ಬಂದ ಖಚಿತ ಮಾಹಿತಿಯ ಮೇರೆಗೆ’ ಎಂಬ ವಾಕ್ಯವನ್ನು ನೀವು ಪತ್ರಿಕೆಯಲ್ಲಿ ಓದಿರುತ್ತೀರಿ. ಆ ಬಾತ್ಮೀದಾರ ಗೂಡಂಗಡಿಯವನಿರಬಹುದು, ಲಾಡ್ಜಿನ ಮ್ಯಾನೇಜರ್ ಇರಬಹುದು. ಇದೇ ಐಬಿ ಹೈಕೋರ್ಟ್ ನ್ಯಾಯಾಧೀಶರಾಗಲು ಹೊರಟವರ ಬಗ್ಗೆಯೂ ಸರ್ಕಾರಕ್ಕೆ ವರದಿ ಕೊಡುತ್ತದೆ. ವಿಮಾನ ನಿಲ್ದಾಣದಲ್ಲಿ ನಿಮ್ಮ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವವರಲ್ಲೂ ಐಬಿಯಿಂದ ಬಂದವರು ಇರುತ್ತಾರೆ.

ಈ ಸಂಸ್ಥೆಯ ಬೇರು ಹುಡುಕುತ್ತಾ ಹೋದರೆ ದಾರಿ ನಮ್ಮ ಬೆಂಗಳೂರಿನ ಸುತ್ತಮುತ್ತ ಬಂದು ನಿಲ್ಲುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಸ್ವಲ್ಪ ಕಾಲದಲ್ಲೇ ಬೆಂಗಳೂರಿನ ಆಸುಪಾಸಿನಲ್ಲಿ ಸುಮಾರು ನೂರು ಜನರನ್ನು ಕಂಪನಿ ಸರ್ಕಾರ ಹಿಡಿಯಿತು. ಹಾದಿಹೋಕರ ಜೊತೆ ಗೆಳೆತನ ಬೆಳೆಸಿ, ಕೊರಳಿಗೆ ಕುಣಿಕೆ ಹಾಕಿ ಕೊಂದು ದೋಚುವವರು ಎಂಬುದು ಅವರ ಮೇಲಿನ ಆರೋಪ. ಫಾಂಸಿಗರು ಎಂದು ಅವರನ್ನು ಕರೆದರು. ಅವರ ಬಗ್ಗೆ 1816ರಲ್ಲಿ ಮದ್ರಾಸಿನ ರಿಚರ್ಡ್ ಶೆರ್ವುಡ್ ಎಂಬ ವೈದ್ಯ ಒಂದು ಲೇಖನ ಬರೆದ. ಮುಂದೆ ಮಧ್ಯಭಾರತದಲ್ಲಿ ವಿಲಿಯಂ ಸ್ಲೀಮನ್ ಎಂಬ ಕಂಪನಿ ಅಧಿಕಾರಿ ಇಂಥವರದೇ ಬೇಟೆಗೆ ಇಳಿದ; ಅಲ್ಲಿ ಅವರ ಹೆಸರು ಥಗ್ಗರು. ಅವನ ಹತಾರ ಬಂದೂಕಿಗಿಂತ ಹೆಚ್ಚಾಗಿ ಮಾಫಿ ಸಾಕ್ಷಿ. ಸಿಕ್ಕಿಬಿದ್ದ ಒಬ್ಬನಿಗೆ ಜೀವದಾನ ಕೊಟ್ಟು, ಅವನ ಬಾಯಿಂದ ಇಪ್ಪತ್ತು ಜನರ ಹೆಸರು ಹೇಳಿಸಿ, ಅವರ ವಂಶವೃಕ್ಷ ಬರೆದು, ಊರೂರಿಗೆ ಕಳಿಸುವುದು ಅವನ ಪದ್ಧತಿ. ಹೆಸರು, ಜಾತಿ, ನೆಂಟಸ್ತಿಕೆ ಎಲ್ಲವನ್ನೂ ಒಂದೇ ಕಡೆ ಕೂಡಿಡುವ ಪೊಲೀಸ್ ಕಡತ ಈ ದೇಶದಲ್ಲಿ ಶುರುವಾದದ್ದು ಹೀಗೆ. ಇದೇ ಕಥೆಯನ್ನು ಕಾದಂಬರಿಯಾಗಿ ಬರೆದು 1839ರಲ್ಲಿ ಲಂಡನ್ನನ್ನು ಬೆರಗುಗೊಳಿಸಿದ ಮೆಡೋಸ್ ಟೇಲರ್ ಆಮೇಲೆ ನಮ್ಮ ಸುರಪುರದ ಆಡಳಿತಕ್ಕೆ ಬಂದ. ಅಲ್ಲಿನ ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆಯನ್ನು ಆ ಕಡೆಯವರು ನೋಡಿರುತ್ತಾರೆ. ಥಗ್ಗರು ನಿಜವಾಗಿ ಅಷ್ಟು ಜನ ಇದ್ದರೇ, ಅವರ ಹಾವಳಿ ಅಷ್ಟು ಭೀಕರವಾಗಿತ್ತೇ, ಅಥವಾ ಹೊಸ ಸರ್ಕಾರ ತನ್ನ ಅಧಿಕಾರ ಹರಡಲು ಈ ಭಯವನ್ನು ದೊಡ್ಡದು ಮಾಡಿತೇ ಎಂದು ಇತಿಹಾಸಕಾರರು ಇಂದಿಗೂ ಜಗಳವಾಡುತ್ತಾರೆ. ಆ ಜಗಳ ನನಗೆ ಮುಖ್ಯವೆನಿಸುತ್ತದೆ. ಎಂಥ ಗುಪ್ತಚರ ಸಂಸ್ಥೆಯಾದರೂ ಒಂದು ಭಯದ ಸುತ್ತ ಹುಟ್ಟುತ್ತದೆ. ಭಯ ತಗ್ಗಿದ ಮೇಲೂ ಸಂಸ್ಥೆ ಉಳಿಯುತ್ತದೆ, ಇನ್ನೊಂದು ಭಯವನ್ನು ಹುಡುಕಿಕೊಳ್ಳುತ್ತದೆ.

ಇಲ್ಲಿ ಆದದ್ದೂ ಅದೇ. ಥಗ್ಗರು ಮುಗಿದರು, ಡಕಾಯಿತರು ಬಂದರು, ಸ್ಲೀಮನ್‌ನ ಇಲಾಖೆಯ ಹೆಸರು ಥಗ್ಗಿ ಮತ್ತು ಡಕಾಯಿತಿ ಇಲಾಖೆ ಎಂದಾಯಿತು. 1885ರಲ್ಲಿ ಕಾಂಗ್ರೆಸ್ ಹುಟ್ಟಿತು. ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗ್ ರಷ್ಯನ್ನರ ಜೊತೆ ಸೇರಿ ಸಂಚು ಮಾಡುತ್ತಿದ್ದಾನೆ ಎಂಬ ಗುಮಾನಿಯೂ ಎದ್ದಿತು. ವೈಸ್‌ರಾಯ್ ಡಫರಿನ್ ರಾಜಕೀಯ ಸುದ್ದಿ ಕಲೆಹಾಕಲು ಈ ಹಳೆಯ ಇಲಾಖೆಗೇ ಒಂದು ಕೇಂದ್ರೀಯ ವಿಶೇಷ ಶಾಖೆಯನ್ನು ಜೋಡಿಸಿದ. ಲಂಡನ್ನಿನಿಂದ ಒಪ್ಪಿಗೆ ಬಂದ 1887ರ ಡಿಸೆಂಬರ್ 23ನ್ನೇ ಐಬಿ ತನ್ನ ಹುಟ್ಟಿದ ದಿನ ಎಂದು ಹೇಳಿಕೊಳ್ಳುತ್ತದೆ. 1904ರಲ್ಲಿ ಹೆಸರು ಬದಲಾಯಿತು, 1920ರಲ್ಲಿ ಈಗಿನ ಹೆಸರು ಬಂತು. ಮುಂದಿನ ಮೂರು ದಶಕ ಅದರ ಕೆಲಸವೇನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಸ್ವಾತಂತ್ರ್ಯಕ್ಕಾಗಿ ಸಭೆ ಸೇರಿದವರ ಹೆಸರು ಬರೆದುಕೊಳ್ಳುವುದೇ ಆಗಿತ್ತು.

1947ರಲ್ಲಿ ಐಬಿ ನಿರ್ದೇಶಕರ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ ಮದ್ರಾಸಿನ ಪೊಲೀಸ್ ಅಧಿಕಾರಿ ಟಿ.ಜಿ. ಸಂಜೀವಿ ಪಿಳ್ಳೈ. ಬ್ರಿಟಿಷರು ಹೊರಡುವಾಗ ಬಹಳಷ್ಟು ಕಡತಗಳನ್ನು ಸುಟ್ಟಿದ್ದರು, ದೇಶ ಹೋಳಾದಾಗ ಸಿಬ್ಬಂದಿಯೂ ಹೋಳಾಗಿತ್ತು. ಅವರಿಗೆ ಐಬಿ ಜೊತೆಗೆ ದೆಹಲಿ ಪೊಲೀಸರ ಮುಖ್ಯಸ್ಥಗಿರಿಯೂ ಬಿತ್ತು. ಸ್ವಾತಂತ್ರ್ಯ ಬಂದು ಆರು ತಿಂಗಳೂ ಕಳೆದಿರಲಿಲ್ಲ, ಗಾಂಧೀಜಿಯ ಪ್ರಾರ್ಥನಾ ಸಭೆಯ ಹತ್ತಿರ ಬಾಂಬು ಸಿಡಿಯಿತು. ದಿನಾಂಕ 1948ರ ಜನವರಿ 20.

ಈ ಬಾಂಬಿನಿಂದ ಗಾಂಧೀಜಿಯ ಹತ್ಯೆಯವರೆಗಿನ ಹತ್ತು ದಿನಗಳ ಕಥೆಯನ್ನು ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಳನಾಡಿನ ಭದ್ರತೆಯ ಬಗ್ಗೆ ನಾವು ಕಲಿಯಬೇಕಾದ್ದೆಲ್ಲ ಅದರಲ್ಲಿದೆ. ಬಾಂಬಿಟ್ಟ ಮದನ್‌ಲಾಲ್ ಪಾಹ್ವಾ ಸ್ಥಳದಲ್ಲೇ ಸಿಕ್ಕಿಬಿದ್ದ. ತನ್ನ ಜೊತೆಗಾರರಲ್ಲಿ ಪುಣೆಯ ಪತ್ರಿಕೆಯೊಂದರ ಸಂಪಾದಕನೂ ಇದ್ದಾನೆಂದು ಅವನ ಬಾಯಿಂದ ಬಂತು. ಪುಣೆಯಲ್ಲಿ ಆ ಪತ್ರಿಕೆಯ ಸಂಪಾದಕ ಯಾರೆಂದು ಹುಡುಕಲು ಒಂದು ಗಂಟೆ ಸಾಕಿತ್ತು. ಇತ್ತ ಮುಂಬಯಿಯಲ್ಲಿ ಜಗದೀಶಚಂದ್ರ ಜೈನ್ ಎಂಬ ಕಾಲೇಜು ಅಧ್ಯಾಪಕರಿಗೆ ಇದೇ ಪಾಹ್ವಾ ಮೊದಲೇ ಬಾಯಿ ಬಿಟ್ಟಿದ್ದ. ಅವರು ಬಾಂಬಿನ ಸುದ್ದಿ ಓದಿ ಗಾಬರಿಯಾಗಿ ಮರುದಿನವೇ ಮುಂಬಯಿ ಪ್ರಾಂತದ ಮುಖ್ಯಸ್ಥ ಬಿ.ಜಿ. ಖೇರ್ ಮತ್ತು ಗೃಹಮಂತ್ರಿ ಮೊರಾರ್ಜಿ ದೇಸಾಯಿ ಅವರನ್ನು ಕಂಡು ಗೊತ್ತಿದ್ದದ್ದನ್ನು ಹೇಳಿದರು. ಮೊರಾರ್ಜಿ ಅದನ್ನು ಮುಂಬಯಿ ವಿಶೇಷ ಶಾಖೆಯ ಅಧಿಕಾರಿಗೆ ದಾಟಿಸಿದರು. ದೆಹಲಿಯ ಬಳಿ ಅರ್ಧ ಸುದ್ದಿ, ಮುಂಬಯಿಯ ಬಳಿ ಇನ್ನರ್ಧ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡಿದವರು ಯಾರೂ ಇರಲಿಲ್ಲ. ದೆಹಲಿಯಿಂದ ಹೋದ ಪೊಲೀಸರು ಮುಂಬಯಿಯಿಂದ ಬರಿಗೈಯಲ್ಲಿ ವಾಪಸಾದರು.

ಪುಣೆಯ ಸಿಐಡಿ ಹಿರಿಯ ಅಧಿಕಾರಿಯೊಬ್ಬರು ಆ ಹೊತ್ತಿನಲ್ಲಿ ದೆಹಲಿಯಲ್ಲೇ ಇದ್ದರು. ಜನವರಿ 25ರಂದು ಪಾಹ್ವಾನ ಹೇಳಿಕೆಯನ್ನು ಅವರ ಕೈಗೆ ಕೊಟ್ಟರು. ಅವರಿಗೆ ವಿಮಾನ ಪ್ರಯಾಣ ಒಗ್ಗುತ್ತಿರಲಿಲ್ಲವಂತೆ. ರೈಲು ಹತ್ತಿದರು, ಅದೂ ಅಲಹಾಬಾದ್ ಮಾರ್ಗವಾಗಿ. ಮುಂಬಯಿ ತಲುಪಿದಾಗ 27ನೇ ತಾರೀಖು. ಮೂರು ದಿನಗಳ ನಂತರ ಆ ಪತ್ರಿಕೆಯ ಸಂಪಾದಕ ನಾಥೂರಾಮ್ ಗೋಡ್ಸೆ ಬಿರ್ಲಾ ಭವನದ ಹುಲ್ಲುಹಾಸಿನಲ್ಲಿ ಗಾಂಧೀಜಿಯ ಮೇಲೆ ಗುಂಡು ಹಾರಿಸಿದ. ಇದನ್ನೆಲ್ಲ ಜೋಡಿಸಿ ದಾಖಲೆ ಮಾಡಿದ್ದು ಎರಡು ದಶಕದ ನಂತರ ಕೂತ ನ್ಯಾಯಮೂರ್ತಿ ಜೀವನ್‌ಲಾಲ್ ಕಪೂರ್ ಆಯೋಗ. ಸಂಜೀವಿಯವರ ಮೇಲೂ ಅದು ತಪ್ಪು ಹೊರಿಸಿತು. ಅವರೊಬ್ಬರನ್ನೇ ದೂರಲು ನನಗೆ ಮನಸ್ಸಿಲ್ಲ. ಎರಡು ಹುದ್ದೆ, ಅರ್ಧ ಸಿಬ್ಬಂದಿ, ಹೊತ್ತಿ ಉರಿಯುವ ನಗರ. ಆದರೆ ಸುದ್ದಿ ಸಿಕ್ಕ ಮೇಲೆ ಇಷ್ಟು ಗಂಟೆಯೊಳಗೆ ಇಂಥವರಿಗೆ ಮುಟ್ಟಿಸಬೇಕು ಎಂಬ ಕಡ್ಡಾಯ ಯಾವ ಕಾಗದದಲ್ಲೂ ಇರಲಿಲ್ಲ. ಅರ್ಧ ಶತಮಾನದ ನಂತರ ಕಾರ್ಗಿಲ್ ಪತ್ರ ಹೊರಟಾಗಲೂ ಇರಲಿಲ್ಲ.

ಈ ಮಾತನ್ನು ನಮ್ಮ ನಾಡಿನ ಯಾರಾದರೂ ಬಹಳ ಹಿಂದೆ ಹೇಳಿದ್ದಾರೆಯೇ ಎಂದು ಹುಡುಕಿದರೆ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಹೋಗಬೇಕು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಅಲ್ಲಿನ ಆರ್. ಶಾಮಾಶಾಸ್ತ್ರಿಗಳು. ಆ ಗ್ರಂಥದ ಮೊದಲ ಅಧಿಕರಣದಲ್ಲೇ ಗೂಢಚಾರರು ಬರುತ್ತಾರೆ. ಕಪಟ ವಿದ್ಯಾರ್ಥಿ, ಸನ್ಯಾಸ ಬಿಟ್ಟವನು, ಬಡ ಒಕ್ಕಲಿಗ, ಸೋತ ವ್ಯಾಪಾರಿ, ಜಡೆ ಬಿಟ್ಟ ತಪಸ್ವಿ ಎಂದು ವೇಷಗಳ ಪಟ್ಟಿಯೇ ಇದೆ. ನಮ್ಮವರು ಕೌಟಿಲ್ಯನೆಂದರೆ ಈ ವೇಷಗಳ ಬಗ್ಗೆಯೇ ಮಾತಾಡುತ್ತಾರೆ. ನನ್ನ ಗಮನ ಸೆಳೆದದ್ದು ಅದರ ಬೆನ್ನಿಗೇ ಬರುವ ಒಂದೆರಡು ನಿಯಮಗಳು. ಒಬ್ಬ ಚಾರನಿಗೆ ಇನ್ನೊಬ್ಬನ ಗುರುತು ಇರಕೂಡದು. ಮೂವರು ಬೇರೆ ಬೇರೆ ದಾರಿಯಿಂದ ಒಂದೇ ಸುದ್ದಿ ತಂದರೆ ಮಾತ್ರ ನಂಬಬೇಕು. ಮತ್ತೆ ಮತ್ತೆ ಸುಳ್ಳು ಸುದ್ದಿ ತರುವವನನ್ನು ಸದ್ದಿಲ್ಲದೆ ದಂಡಿಸಬೇಕು ಅಥವಾ ಕೆಲಸದಿಂದ ಬಿಡಿಸಬೇಕು. ಇನ್ನೊಂದು ಕಡೆ ಜನ ಸೇರುವ ಜಾಗದಲ್ಲಿ ಚಾರರು ತಾವೇ ವಾದ ಹೂಡಿ ರಾಜನ ಬಗ್ಗೆ ಜನರಿಗೆ ಇರುವ ಅಸಮಾಧಾನ ತಿಳಿಯಬೇಕು ಎನ್ನುತ್ತಾನೆ. ಅಸಮಾಧಾನಗೊಂಡವರಿಗೆ ಮೊದಲು ಮಾಡಬೇಕಾದ್ದು ದಾನ ಮತ್ತು ಸಮಾಧಾನ. ಅದು ಸಾಗದಿದ್ದರೆ ಭೇದ, ದಂಡ. ಕೌಟಿಲ್ಯ ಮೆತ್ತನೆ ಮನುಷ್ಯನಲ್ಲ, ಅವನನ್ನು ಪ್ರಜಾಪ್ರಭುತ್ವವಾದಿ ಎಂದು ತೋರಿಸುವ ಹುಚ್ಚು ನನಗಿಲ್ಲ. ಆದರೂ ಬೇಹುಗಾರಿಕೆಗೆ ಬರೆದಿಟ್ಟ ನಿಯಮ ಬೇಕು ಎಂಬುದು ಆ ಕಠಿಣ ಮನುಷ್ಯನಿಗೂ ಹೊಳೆದಿತ್ತು.

ಐಬಿ ಬಗ್ಗೆ ದೂರು ಹೇಳುವಾಗ ಅದರ ತ್ಯಾಗವನ್ನು ಮರೆಯಬಾರದು. ಪ್ರತಿ ವರ್ಷ ಅಕ್ಟೋಬರ್ 21ರಂದು ನಮ್ಮ ಜಿಲ್ಲಾ ಕೇಂದ್ರಗಳ ಕವಾಯತು ಮೈದಾನದಲ್ಲಿ ಪೊಲೀಸ್ ಹುತಾತ್ಮರ ದಿನ ನಡೆಯುತ್ತದೆ. ಆ ದಿನಾಂಕ ಬಂದದ್ದು ಲಡಾಖ್‌ನಿಂದ. 1959ರಲ್ಲಿ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ಕಾಣೆಯಾದ ತಮ್ಮವರನ್ನು ಹುಡುಕಲು ಹೋದ ಪೊಲೀಸ್ ತಂಡದ ಮೇಲೆ ಚೀನಿ ಸೈನಿಕರು ಗುಡ್ಡದ ಮೇಲಿಂದ ಗುಂಡಿನ ಮಳೆಗರೆದರು. ಹತ್ತು ಜನ ಸತ್ತರು. ತಂಡದ ಮುಂದೆ ಇದ್ದವರು ಕರಮ್ ಸಿಂಗ್ ಎಂಬ ಐಬಿ ಅಧಿಕಾರಿ. ಆಗ ಐಬಿ ನಿರ್ದೇಶಕರಾಗಿದ್ದ ಬಿ.ಎನ್. ಮಲ್ಲಿಕ್ ಲಡಾಖ್‌ನ ಆ ಹಿಮದಲ್ಲಿ ಕಾವಲು ಚೌಕಿಗಳನ್ನು ಹಾಕಿಸಿದ್ದರು. ದೇಶದ ಒಳಗೂ ಹೊರಗೂ ಒಂದೇ ಸಂಸ್ಥೆ ಕಣ್ಣಿಡುತ್ತಿದ್ದ ಕಾಲ ಅದು. 1962ರ ಚೀನಾ ಯುದ್ಧ, 1965ರ ಪಾಕಿಸ್ತಾನ ಯುದ್ಧ ಎರಡರಲ್ಲೂ ಆದ ಕೊರತೆಗಳನ್ನು ನೋಡಿ 1968ರ ಸೆಪ್ಟೆಂಬರಿನಲ್ಲಿ ಇಂದಿರಾ ಗಾಂಧಿ ಹೊರಗಿನ ಕೆಲಸವನ್ನು ಬಿಡಿಸಿ ‘ರಾ’ ಕಟ್ಟಿಸಿದರು. ಐಬಿಗೆ ಉಳಿದದ್ದು ಮನೆಯೊಳಗಿನ ಕೆಲಸ.

ಬೇರ್ಪಟ್ಟ ಮೇಲೆ ಇಬ್ಬರ ನಡುವೆ ಸುದ್ದಿ ಹಂಚಿಕೊಳ್ಳುವ ತೊಡಕು ಬೆಳೆಯಿತು. ಕಾರ್ಗಿಲ್ ನಂತರ ಮಂತ್ರಿಗಳ ಗುಂಪೊಂದರ ಸಲಹೆಯಂತೆ ಬಹುಸಂಸ್ಥೆಗಳ ಕೇಂದ್ರ, ‘ಮ್ಯಾಕ್’, ಐಬಿಯ ಒಳಗೆ ಹುಟ್ಟಿತು. ಆದರೆ 2008ರ ನವೆಂಬರ್ 26ರ ಮುಂಬಯಿ ದಾಳಿಯ ಹೊತ್ತಿಗೆ ಅದು ಕುಂಟುತ್ತಲೇ ಇತ್ತು. ಸಮುದ್ರದಿಂದ ದಾಳಿ ಆಗಬಹುದು, ದೊಡ್ಡ ಹೋಟೆಲುಗಳು ಗುರಿಯಾಗಬಹುದು ಎಂಬ ಎಚ್ಚರಿಕೆಗಳು ಮುಂಬಯಿ ಪೊಲೀಸರಿಗೆ ಬಂದಿದ್ದವು. ಎಚ್ಚರಿಕೆಗಳು ಬರುತ್ತಲೇ ಇರುತ್ತವೆ. ಈ ಪಕ್ಷದಲ್ಲಿ ಮಳೆಯಾದೀತು ಎಂದು ಪಂಚಾಂಗದಲ್ಲಿ ಬರೆದಿರುವ ಹಾಗೆ, ಎಲ್ಲಿ ಯಾವ ಗಳಿಗೆಯಲ್ಲಿ ಎಂದು ಹೇಳದ ಎಚ್ಚರಿಕೆಯನ್ನು ನಂಬಿ ಯಾವ ಠಾಣಾಧಿಕಾರಿಯೂ ತಿಂಗಳುಗಟ್ಟಲೆ ನಾಕಾಬಂದಿ ಹಾಕಿ ಕೂರಲಾರ. ಆ ದಾಳಿಯ ನಂತರ, ಡಿಸೆಂಬರ್ 31ರ ಆದೇಶದಿಂದ ‘ಮ್ಯಾಕ್’ ಹಗಲೂ ರಾತ್ರಿ ಕೆಲಸ ಮಾಡತೊಡಗಿತು. ರಾಜ್ಯಗಳಲ್ಲೂ ಅದರ ಕೊಂಬೆಗಳು ಬಂದವು. ಸುದ್ದಿ ಹಂಚಿಕೊಳ್ಳುವುದು ಕರ್ತವ್ಯ ಎಂದು ಕಾಗದದಲ್ಲಿ ಬರೆದದ್ದು ಆಗಲೇ. ಗಾಂಧಿ ಹತ್ಯೆಯಾಗಿ ಅರವತ್ತು ವರ್ಷ ಕಳೆದಿತ್ತು.

ಇಷ್ಟು ಹೊತ್ತು ಸುದ್ದಿ ತಲುಪದ ಕಥೆ ಹೇಳಿದೆ. ತಪ್ಪು ಜನರ ಸುದ್ದಿ ಹಿಡಿದ ಕಥೆಯೂ ಇದೆ. 2015ರಲ್ಲಿ ಗುಪ್ತ ಕಡತಗಳಿಂದ ಹೊರಬಿದ್ದ ಸಂಗತಿ ದೇಶವನ್ನೇ ಬೆಚ್ಚಿಬೀಳಿಸಿತು. ನೇತಾಜಿ ಸುಭಾಷಚಂದ್ರ ಬೋಸರ ಮನೆಯವರ ಮೇಲೆ ಐಬಿ 1948ರಿಂದ 1968ರವರೆಗೆ ಕಣ್ಣಿಟ್ಟಿತ್ತು. ಕಲ್ಕತ್ತೆಯ ವುಡ್‌ಬರ್ನ್ ಪಾರ್ಕ್ ಮತ್ತು ಎಲ್ಗಿನ್ ರಸ್ತೆಯ ಎರಡು ಮನೆಗಳಿಗೆ ಬರುವ, ಅಲ್ಲಿಂದ ಹೋಗುವ ಕಾಗದಗಳನ್ನು ಅಂಚೆಯಲ್ಲೇ ಬಿಚ್ಚಿ ನಕಲು ಮಾಡಿಕೊಳ್ಳುತ್ತಿದ್ದರು. ಬ್ರಿಟಿಷರು ಶುರುಮಾಡಿದ್ದ ಕೆಲಸ. ಅಧಿಕಾರ ಕೈ ಬದಲಾಯಿತು, ಕಡತ ಬದಲಾಗಲಿಲ್ಲ. ಇದನ್ನು ನೆಹರೂ ಅವರೇ ಹೇಳಿ ಮಾಡಿಸಿದರೇ ಎಂಬ ಚರ್ಚೆಯಲ್ಲಿ ರಾಜಕೀಯ ಪಕ್ಷಗಳಿಗೆ ಆಸಕ್ತಿ. ನನಗೆ ಅದಕ್ಕಿಂತ ಕಳವಳ ಹುಟ್ಟಿಸುವುದು ಬೇರೆ. ನಿಲ್ಲಿಸು ಎಂದು ಹೇಳಬೇಕಾದವರು ಯಾರು ಎಂಬುದು ಗೊತ್ತಿಲ್ಲದಿದ್ದರೆ ಇಂಥ ಕೆಲಸ ಇಪ್ಪತ್ತು ವರ್ಷ ತನ್ನ ಪಾಡಿಗೆ ತಾನು ನಡೆದುಕೊಂಡು ಹೋಗುತ್ತದೆ.

ತುರ್ತುಪರಿಸ್ಥಿತಿಯಲ್ಲಿ ಐಬಿಯನ್ನು ರಾಜಕೀಯ ಬೇಹುಗಾರಿಕೆಗೆ ಹೇಗೆ ಬಳಸಿಕೊಂಡರು ಎಂಬುದನ್ನು ಷಾ ಆಯೋಗ ಬರೆದಿಟ್ಟಿತು. ಜನತಾ ಸರ್ಕಾರ ಐಬಿ ಮತ್ತು ಸಿಬಿಐ ಎರಡನ್ನೂ ಪರಿಶೀಲಿಸಲು ಎಲ್.ಪಿ. ಸಿಂಗ್ ಸಮಿತಿಯನ್ನು ನೇಮಿಸಿತು. ಆ ವರದಿ ಸಾರ್ವಜನಿಕರ ಕೈಗೆ ಬರಲೇ ಇಲ್ಲ. ವಿರೋಧಪಕ್ಷದಲ್ಲಿದ್ದಾಗ ಐಬಿಗೆ ಲಗಾಮು ಬೇಕು ಎನ್ನುವವರು ಅಧಿಕಾರಕ್ಕೆ ಬಂದ ಮೇಲೆ ಅದರ ಬೆಳಗಿನ ವರದಿಗೆ ರುಚಿ ಹತ್ತಿಸಿಕೊಳ್ಳುತ್ತಾರೆ. ಈ ಚಟಕ್ಕೆ ಪಕ್ಷಭೇದವಿಲ್ಲ. ನಮ್ಮ ರಾಜ್ಯವೂ ಇದನ್ನು ಕಂಡಿದೆ. 1988ರ ಆಗಸ್ಟಿನಲ್ಲಿ ದೂರವಾಣಿ ಕದ್ದಾಲಿಕೆಯ ಗದ್ದಲದಲ್ಲಿ ನೈತಿಕ ಹೊಣೆ ಹೊತ್ತು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಮೌಲ್ಯಾಧಾರಿತ ರಾಜಕಾರಣದ ಮಾತು ಅವರಿಂದಲೇ ಮನೆಮನೆಗೆ ಬಂದಿದ್ದರಿಂದ ಆ ಪ್ರಕರಣ ಕನ್ನಡಿಗರಿಗೆ ಇನ್ನೂ ಹೆಚ್ಚು ಚುಚ್ಚಿತು.

ಕದ್ದಾಲಿಕೆಗೆ ಕಾನೂನೇ ಇಲ್ಲವೆಂದಲ್ಲ. 1885ರ ಟೆಲಿಗ್ರಾಫ್ ಕಾಯಿದೆ ಇತ್ತು. 1996ರ ಡಿಸೆಂಬರಿನಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಬೇಲಿ ಹಾಕಿತು: ಗೃಹ ಕಾರ್ಯದರ್ಶಿಯ ಲಿಖಿತ ಆದೇಶ ಬೇಕು, ಅವಧಿಗೆ ಮಿತಿ ಬೇಕು, ಮೇಲೊಂದು ಪರಿಶೀಲನಾ ಸಮಿತಿ ಬೇಕು. ಕೇಂದ್ರದಲ್ಲಿ ಆ ಸಮಿತಿ ಎಂದರೆ ಸಂಪುಟ ಕಾರ್ಯದರ್ಶಿ ಮತ್ತು ಇನ್ನಿಬ್ಬರು ಕಾರ್ಯದರ್ಶಿಗಳು. ನ್ಯಾಯಾಧೀಶರಿಲ್ಲ, ಸಂಸದರಿಲ್ಲ. ಎರಡು ತಿಂಗಳಿಗೊಮ್ಮೆ ಸೇರುವ ಈ ಸಮಿತಿಯ ಮುಂದೆ ಒಂದೊಂದು ಸಭೆಗೆ 15,000ದಿಂದ 18,000 ಆದೇಶಗಳು ಬರುತ್ತವೆ ಎಂದು ದತ್ತಾಂಶ ರಕ್ಷಣೆ ಕುರಿತ ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿ 2018ರಲ್ಲಿ ಬರೆಯಿತು. ಲೆಕ್ಕ ಹಾಕಿ ನೋಡಿ. ಮೂವರು ದೊಡ್ಡ ಅಧಿಕಾರಿಗಳು ಊಟಕ್ಕೂ ಏಳದೆ ಆರು ಗಂಟೆ ಕೂತರೂ ನಿಮಿಷಕ್ಕೆ ನಲವತ್ತಕ್ಕಿಂತ ಹೆಚ್ಚು ಆದೇಶಗಳನ್ನು ಓದಬೇಕು. ಇದನ್ನು ಪರಿಶೀಲನೆ ಎಂದು ಕರೆಯಲು ನನಗೆ ನಾಲಿಗೆ ಹೊರಳುವುದಿಲ್ಲ. ಈಚೆಗೆ 2023ರ ದೂರಸಂಪರ್ಕ ಕಾಯಿದೆ, ಅದರ ಮರುವರ್ಷ ಹೊಸ ನಿಯಮಗಳು ಬಂದಿವೆ. ಆದರೂ ಅಧಿಕಾರಿಯ ಆದೇಶವನ್ನು ಅಧಿಕಾರಿಯೇ ನೋಡುವ ಪದ್ಧತಿ ಹಾಗೆಯೇ ಇದೆ.

ಕದ್ದಾಲಿಕೆಗಾದರೂ ಕಾನೂನಿದೆ, ಐಬಿಗೆ? ಸಂವಿಧಾನದ ಏಳನೇ ಅನುಸೂಚಿಯಲ್ಲಿ, ಕೇಂದ್ರ ಪಟ್ಟಿಯ ಎಂಟನೇ ನಮೂದಿನಲ್ಲಿ ಕೇಂದ್ರ ಗುಪ್ತಚರ ಮತ್ತು ತನಿಖಾ ಬ್ಯೂರೋ ಎಂಬ ಮಾತಿದೆ. ಸಂಸತ್ತು ಬೇಕಾದರೆ ಕಾನೂನು ಮಾಡಬಹುದು ಎಂದು ಅದರ ಅರ್ಥ. ಸಂಸತ್ತು ಮಾಡಿಲ್ಲ. ದಶಕಗಳ ಕಾಲ ಐಬಿಯಲ್ಲೇ ದುಡಿದು ನಿವೃತ್ತರಾಗಿ ಮೈಸೂರಿನಲ್ಲಿ ನೆಲೆಸಿದ್ದ ಅಧಿಕಾರಿಯೊಬ್ಬರು 2012ರಲ್ಲಿ ಕರ್ನಾಟಕ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿ, ಈ ಸಂಸ್ಥೆ ಯಾವ ಕಾನೂನಿನ ಅಡಿಯಲ್ಲಿ ನಡೆಯುತ್ತಿದೆ ಎಂದು ಕೇಳಿದರು. ಕೇಳಿದವರು ಹೊರಗಿನ ಟೀಕಾಕಾರರಲ್ಲ, ಒಳಗಿದ್ದು ಬಂದವರು. ಕಾನೂನಿನ ರಕ್ಷಣೆ ಇಲ್ಲದಿದ್ದರೆ ನಷ್ಟ ಮೊದಲು ಅಲ್ಲಿನ ನೌಕರನಿಗೇ ಎಂಬುದನ್ನು ನಾವು ಗಮನಿಸುವುದಿಲ್ಲ. ಮೇಲಿನವರು ಬಾಯಿಮಾತಿನಲ್ಲಿ ಒಂದು ತಪ್ಪು ಕೆಲಸ ಹೇಳಿದರೆ, ಇದು ನಮ್ಮ ಕಾಯಿದೆಯಲ್ಲಿಲ್ಲ ಸಾರ್ ಎನ್ನಲು ಅವನ ಕೈಯಲ್ಲಿ ಕಾಯಿದೆಯೇ ಇಲ್ಲ.

ಐಬಿಗೆ ಸಂಬಂಧಿಸಿ ಸಂಸತ್ತು ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. 1985ರಲ್ಲಿ ಒಂದು ಕಾಯಿದೆ ಮಾಡಿತು. ಗುಪ್ತಚರ ಸಂಸ್ಥೆಗಳ ನೌಕರರು ಸಂಘ ಕಟ್ಟುವಂತಿಲ್ಲ, ಪತ್ರಿಕೆಗಳ ಜೊತೆ ಮಾತಾಡುವಂತಿಲ್ಲ ಎಂಬುದೇ ಅದರ ತಿರುಳು. 2021ರಲ್ಲಿ ಪಿಂಚಣಿ ನಿಯಮ ತಿದ್ದಿ, ನಿವೃತ್ತರಾದವರೂ ಅನುಮತಿಯಿಲ್ಲದೆ ತಮ್ಮ ಸಂಸ್ಥೆಯ ಕೆಲಸದ ಬಗ್ಗೆ ಬರೆಯುವಂತಿಲ್ಲ ಎಂದು ಸರ್ಕಾರ ಹೇಳಿತು. ಸಂಸ್ಥೆಯ ಅಧಿಕಾರ ಎಷ್ಟು ಎಂದು ಹೇಳುವ ಕಾನೂನಿಲ್ಲ, ನೌಕರನ ಬಾಯಿಗೆ ಬೀಗ ಹಾಕುವ ಕಾನೂನು ಎರಡೆರಡು.

ಬೇರೆಯವರು ಏನು ಮಾಡಿದ್ದಾರೆ? ನಮಗೆ ಈ ಸಂಸ್ಥೆಯನ್ನು ಬಿಟ್ಟುಹೋದ ಬ್ರಿಟನ್ನಿನಲ್ಲೂ ಎಂಐ5 ಎಂಬ ಒಳನಾಡಿನ ಗುಪ್ತಚರ ಸಂಸ್ಥೆ 1909ರಿಂದ ಎಂಬತ್ತು ವರ್ಷ ಕಾನೂನಿಲ್ಲದೆಯೇ ನಡೆಯಿತು. 1989ರಲ್ಲಿ ಅದಕ್ಕೆ ಕಾಯಿದೆ ಬಂತು. 1994ರಲ್ಲಿ ಸಂಸದರ ಸಮಿತಿಯೊಂದು ಅದರ ಮೇಲೆ ಕೂತಿತು. 2016ರ ಕಾಯಿದೆಯಿಂದ ಮಂತ್ರಿ ಕದ್ದಾಲಿಕೆಗೆ ಸಹಿ ಹಾಕಿದರೂ ನ್ಯಾಯಾಂಗದ ಆಯುಕ್ತರೊಬ್ಬರು ಒಪ್ಪದೆ ಅದು ಜಾರಿಯಾಗುವುದಿಲ್ಲ. ಅಲ್ಲಿ ಎಲ್ಲ ಸರಿಯಾಗಿದೆ ಎಂದು ನಾನು ಹೇಳುವುದಿಲ್ಲ. ಆದರೆ ಕಾನೂನು ಬಂದರೆ ಗುಟ್ಟು ರಟ್ಟಾಗುತ್ತದೆ, ದೇಶ ಅಪಾಯಕ್ಕೆ ಬೀಳುತ್ತದೆ ಎಂದು ನಮ್ಮಲ್ಲಿ ಹೇಳುವವರಿಗೆ ಅಲ್ಲಿನ ಮೂರು ದಶಕದ ಅನುಭವ ಉತ್ತರ ಕೊಡುತ್ತದೆ. ಗುಟ್ಟಾಗಿರಬೇಕಾದ್ದು ಯಾರ ಹಿಂದೆ ಯಾವ ದಿನ ಯಾರು ಹೋದರು ಎಂಬುದು. ಯಾವ ಕಾರಣಕ್ಕೆ ಹೋಗಬಹುದು, ಯಾರ ಸಹಿ ಬೇಕು, ತಪ್ಪಿದರೆ ಯಾರಿಗೆ ಉತ್ತರ ಹೇಳಬೇಕು ಎಂಬುದನ್ನು ಗುಟ್ಟು ಮಾಡಿ ಯಾವ ಭಯೋತ್ಪಾದಕನನ್ನು ಹಿಡಿದಂತಾಯಿತು? 2011ರಲ್ಲಿ ಸಂಸದ ಮನೀಷ್ ತಿವಾರಿ ಲೋಕಸಭೆಗೆ ಇಂಥದೊಂದು ಖಾಸಗಿ ಮಸೂದೆ ತಂದಿದ್ದರು. ಅದು ಕಾಯಿದೆಯಾಗಲಿಲ್ಲ.

ನಮ್ಮ ಮೈಸೂರಿನ ಆ ಅರ್ಜಿದಾರರು ಹೈಕೋರ್ಟಿನ ಬಾಗಿಲು ತಟ್ಟಿದ ಅದೇ 2012ರಲ್ಲಿ, ಬೆಂಗಳೂರಿನಲ್ಲಿ ನೆಲೆಸಿದ್ದ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ತಕರಾರು ಇದ್ದದ್ದು ಆಧಾರ್ ಬಗ್ಗೆ. ಆದರೆ ಆ ಮೊಕದ್ದಮೆಯಿಂದ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಸರ್ಕಾರ ಆ ಹಕ್ಕಿನೊಳಗೆ ಕಾಲಿಡಬೇಕಾದರೆ ದಾಟಬೇಕಾದ ಪರೀಕ್ಷೆಗಳಲ್ಲಿ ಮೊದಲನೆಯದೇ ಅದಕ್ಕೊಂದು ಕಾನೂನಿರಬೇಕು ಎಂಬುದು. ಉದ್ದೇಶ ನ್ಯಾಯವಾಗಿದೆಯೇ, ಕ್ರಮ ಅಳತೆ ಮೀರಿದೆಯೇ ಎಂಬ ಪ್ರಶ್ನೆಗಳು ಆಮೇಲೆ. ಈ ತೀರ್ಪಿನ ಬೆಳಕಿನಲ್ಲಿ, ಕಾಯಿದೆಯೇ ಇಲ್ಲದ ಸಂಸ್ಥೆ ಒಬ್ಬ ನಾಗರಿಕನ ಹಿಂದೆ ಮನುಷ್ಯನನ್ನು ಬಿಡುವುದು, ಅವನ ಓಡಾಟವನ್ನು ಬರೆದಿಡುವುದು ಮೊದಲ ಮೆಟ್ಟಿಲಲ್ಲೇ ಎಡವುವುದಿಲ್ಲವೇ ಎಂದು ಯಾರಾದರೂ ಕೇಳಲೇಬೇಕು. 2018ರ ಡಿಸೆಂಬರಿನಲ್ಲಿ ಗೃಹ ಸಚಿವಾಲಯ ಕಂಪ್ಯೂಟರುಗಳ ಮೇಲೆ ಕಣ್ಣಿಡಲು ಹತ್ತು ಸಂಸ್ಥೆಗಳಿಗೆ ಅಧಿಕಾರ ಕೊಟ್ಟಿತು. ಪಟ್ಟಿಯ ಮೊದಲ ಹೆಸರು ಐಬಿ.

ಇಷ್ಟೆಲ್ಲ ಕೇಳಿದ ಮೇಲೆ, ಈ ಸಂಸ್ಥೆಯನ್ನು ನಾವು ನೀವು ಏನಾದರೂ ಕೇಳಬಹುದೇ ಎಂಬ ಪ್ರಶ್ನೆ ನಿಮ್ಮಲ್ಲಿ ಬಂದಿದ್ದರೆ ಒಂದು ಮಾತು ಹೇಳಿ ಮುಗಿಸುತ್ತೇನೆ. 2005ರ ಮಾಹಿತಿ ಹಕ್ಕು ಕಾಯಿದೆಯ 24ನೇ ಕಲಮು ಐಬಿಗೆ ವಿನಾಯಿತಿ ಕೊಟ್ಟಿದೆ. ಎರಡನೇ ಅನುಸೂಚಿಯ ಪಟ್ಟಿಯಲ್ಲೂ ಮೊದಲು ನಿಂತಿರುವುದು ಅದೇ. ಆದರೆ ಅದೇ ಕಲಮಿನಲ್ಲಿ ಒಂದು ಸಣ್ಣ ಕಿಂಡಿ ಬಿಟ್ಟಿದ್ದಾರೆ. ಭ್ರಷ್ಟಾಚಾರದ ಆರೋಪ ಅಥವಾ ಮಾನವ ಹಕ್ಕಿನ ಉಲ್ಲಂಘನೆಯ ಆರೋಪಕ್ಕೆ ಸಂಬಂಧಿಸಿದ ಮಾಹಿತಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಮಾನವ ಹಕ್ಕಿನ ವಿಷಯವಾದರೆ ಕೇಂದ್ರ ಮಾಹಿತಿ ಆಯೋಗದ ಒಪ್ಪಿಗೆ ಬೇಕು, ಅರ್ಜಿ ಸೇರಿದ 45 ದಿನಗಳೊಳಗೆ ಮಾಹಿತಿ ಕೊಡಬೇಕು. ಅರ್ಜಿಯ ಜೊತೆ ಕಟ್ಟಬೇಕಾದ ಶುಲ್ಕ ಹತ್ತು ರೂಪಾಯಿ.